ಇಲ್ಲದ ಸಿನಿಮಾದ ದೆವ್ವ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡು ಲೋಕ ನಗುತ್ತದೆ. ಗುಬ್ಬಿ ಎಂಬ ಹುಡುಗಿ ಓದುತ್ತಿದ್ದ ಕಾಲೇಜಿನಲ್ಲಿ ಮಾತ್ರ ಅದನ್ನೇ ಪಾಠವೆಂದು ಕಲಿಸಿ, ಮೇಲೆ ಅಂಕವನ್ನೂ ಕೊಡುತ್ತಿದ್ದರು. ಕೊನೆಯ ವರ್ಷದವರು ನಾಲ್ಕು ನಾಲ್ಕು ಮಂದಿ ಸೇರಿ ಒಂದು ದೆವ್ವದ ಚಿತ್ರದ ಟ್ರೈಲರ್ ತಯಾರಿಸಬೇಕು. ಜೊತೆಗೆ ಅದಕ್ಕೊಂದು ಪೋಸ್ಟರ್, ಆ ಚಿತ್ರವನ್ನು ಹಾಡಿ ಹೊಗಳುವ ಒಂದು ಸಿನಿಮಾ ಪತ್ರಿಕೆಯ ಮುಖಪುಟ. ಚಿತ್ರವೊಂದನ್ನು ಮಾತ್ರ ಮಾಡಬೇಕಾಗಿಲ್ಲ. ಕುಲಾವಿ ಇದೆ, ತೊಟ್ಟಿಲಿದೆ, ಜೋಗುಳವೂ ಇದೆ. ಕೂಸಿನ ಮಾತನ್ನು ಯಾರೂ ಎತ್ತುವಂತಿಲ್ಲ.

ಗುಬ್ಬಿ ಎಂಬುದು ಮನೆಯವರು ಅವಳನ್ನು ಕರೆಯುವ ಹೆಸರು. ಕಾಲೇಜಿನಲ್ಲಿ ಅವಳು ಬರೀ ‘ಎಡಿಟರ್’. ತಂಡದ ಉಳಿದ ಮೂವರು, ಅಂದರೆ ಡೈರೆಕ್ಟರ್, ಕ್ಯಾಮೆರಾದವನು ಮತ್ತು ಪೋಸ್ಟರ್ ಹುಡುಗಿ, ಮೊದಲ ವರ್ಷದಿಂದ ಒಂದೇ ತಟ್ಟೆಯಲ್ಲಿ ಉಂಡವರು. ನಾಲ್ಕನೆಯವರೊಬ್ಬರು ಬೇಕಲ್ಲ ಎಂದು ಮೇಷ್ಟ್ರು ಇವಳನ್ನು ತಂದು ಅಲ್ಲಿ ಸೇರಿಸಿದ್ದರು, ಕುಂಟು ಮೇಜಿನ ಕಾಲಿಗೆ ಕಾಗದ ಮಡಿಸಿ ಇಟ್ಟ ಹಾಗೆ. ಮೂವರೂ ಕೆಟ್ಟವರಲ್ಲ. ಅವಳನ್ನು ಯಾರೂ ಬೈಯುತ್ತಿರಲಿಲ್ಲ, ಯಾರೂ ಕರೆಯುತ್ತಲೂ ಇರಲಿಲ್ಲ. ಕ್ಲಾಸು ಮುಗಿದ ಮೇಲೆ ಬಾಡಿಗೆ ಕೋಣೆಗೆ ಬಂದು, ಹಾಕಿದ ಬೀಗ ತೆಗೆದು, ದೀಪ ಹಾಕಿದರೆ ಮಾರನೆಯ ದಿನದವರೆಗೆ ಅವಳ ಬಾಯಿಗೆ ಊಟ ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ಚಿತ್ರಕ್ಕೆ ‘ಒದ್ದೆ ಹೆಜ್ಜೆ’ ಎಂದು ಹೆಸರಿಟ್ಟಾಗಿತ್ತು. ಹೆಸರಿಗೆ ತಕ್ಕ ಜಾಗ ಸಿಕ್ಕಿರಲಿಲ್ಲ. ದೆವ್ವವಾಗಬೇಕಿದ್ದ ಡೈರೆಕ್ಟರನ ಗೆಳತಿ, ತಲೆಯ ಮೇಲೆ ತಣ್ಣೀರು ಸುರಿಯುತ್ತಾರೆಂದು ತಿಳಿದ ದಿನವೇ ಅವನೊಡನೆ ಮಾತು ಬಿಟ್ಟಿದ್ದಳು.

“ನಮ್ಮತ್ತೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡ್ತಾಳೆ. ನೆಲಮಾಳಿಗೆ. ಯಾವಾಗಲೂ ಆವಿ ತುಂಬಿರುತ್ತೆ,” ಎಂದಳು ಗುಬ್ಬಿ. ಮೂವರೂ ಒಟ್ಟಿಗೇ ಅವಳ ಕಡೆ ತಿರುಗಿದರು. ಹಾಗೆ ಅವರು ತಿರುಗಿದ್ದು ಅದೇ ಮೊದಲು.

ಹೇಳಿದ್ದೇನೋ ಹೇಳಿದಳು, ಫೋನ್ ಮಾಡಲು ಕೈ ಏಳಲಿಲ್ಲ. ಅವರ ಮನೆತನದಲ್ಲಿ ಕಾರಣವಿಲ್ಲದೆ ಯಾರಿಗೂ ಯಾರೂ ಫೋನ್ ಮಾಡುವವರಲ್ಲ. ಫೋನ್ ಬಂತೆಂದರೆ ಯಾರೋ ಹೋದರು ಎಂದೇ ಲೆಕ್ಕ. ಅಜ್ಜಿ ಇರುವ ತನಕ ಈ ಮಾತೇ ಬಂದಿರಲಿಲ್ಲ. ಆಗ ಅಜ್ಜಿ, ಅತ್ತೆ, ಗುಬ್ಬಿ ಮೂವರೂ ಒಂದೇ ಕೋಣೆಯಲ್ಲಿ ಹಾಸಿಗೆ ಹಾಸಿಕೊಳ್ಳುತ್ತಿದ್ದರು. ಅಜ್ಜಿ ಕತೆ ಹೇಳುವಳು, ಗುಬ್ಬಿ ಹೂಂಗುಡುವಳು, ಅವಳಿಗೆ ಜೊಂಪು ಹತ್ತಿದರೆ ಅವಳ ಪಾಲಿನ ‘ಹೂಂ’ ಕೂಡ ಅತ್ತೆಯೇ ಹಾಕುವಳು. ಅಜ್ಜಿ ಹೋದಳು, ಮನೆ ಹೋಯಿತು. ಅಪ್ಪ ಕೆಲಸದ ಹಿಂದೆ ಒಂದು ದಿಕ್ಕಿಗೆ, ಅತ್ತೆ ಒಂಟಿ ಕೋಣೆಯೊಂದಕ್ಕೆ, ಗುಬ್ಬಿ ಓದಿನ ನೆಪದಲ್ಲಿ ಇನ್ನೊಂದಕ್ಕೆ. ಅತ್ತೆ ಇದ್ದದ್ದು ಇದೇ ಊರಿನ ಇನ್ನೊಂದು ತುದಿಯಲ್ಲಿ, ಒಂದು ಬಸ್ಸು ಬದಲಾಯಿಸಿದರೆ ಸಿಗುವಷ್ಟು ಹತ್ತಿರ. ಆದರೂ ಹೋಗಲು ಏನು ಕಾರಣ ಹೇಳುವುದು?

“ಯಾರಿಗೇನಾಯ್ತು?” ಎನ್ನುತ್ತಲೇ ಅತ್ತೆ ಫೋನ್ ಎತ್ತಿದಳು.

“ಯಾರಿಗೂ ಏನೂ ಆಗಿಲ್ಲ ಅತ್ತೆ. ನಾವೊಂದು ದೆವ್ವದ ಸಿನಿಮಾ ತೆಗೀಬೇಕು. ನಿನ್ನ ಲಾಂಡ್ರಿ ಬೇಕಾಗಿತ್ತು.”

“ಅಬ್ಬ, ಜೀವ ಬಾಯಿಗೆ ಬಂದಿತ್ತು! ದೆವ್ವ ತಾನೇ? ಬರಲಿ ಬಿಡು.”

ಸಿನಿಮಾ ಎಂದದ್ದೇ ತಪ್ಪಾಯಿತು. ಟ್ರೈಲರ್ ಎಂದಿದ್ದರೆ ಅದನ್ನು ಬಿಡಿಸಿ ಹೇಳಬೇಕಾಗುತ್ತಿತ್ತು. ಆ ಹೊತ್ತಿನಲ್ಲಿ ಗುಬ್ಬಿಗೆ ಅಷ್ಟು ಧೈರ್ಯವೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ.

ಭಾನುವಾರ ಲಾಂಡ್ರಿಯ ಸೂಪರ್‌ವೈಸರ್ ಬೀಗದ ಕೈ ಅತ್ತೆಗೆ ಕೊಟ್ಟು, “ಯಂತ್ರಕ್ಕೆ ದೆವ್ವ ಹಿಡಿಸಬೇಡಿ, ಅದು ಮೊದಲೇ ಅರ್ಧ ಹಿಡಿದಿದೆ,” ಎಂದು ಹೇಳಿ ಹೊರಟುಹೋದರು. ಗೋಡೆಯುದ್ದಕ್ಕೂ ಗುಂಡು ಗಾಜಿನ ಬಾಗಿಲಿನ ಯಂತ್ರಗಳು, ತಲೆಯ ಮೇಲೆ ಹನಿಯುವ ಕೊಳವೆಗಳು, ಮೂಲೆಯಲ್ಲಿ ಎದೆಯೆತ್ತರಕ್ಕೆ ರಾಶಿ ಬಿದ್ದ ಬಿಳಿಯ ಬೆಡ್‌ಶೀಟುಗಳು. ಅತ್ತೆ ಆವಿಯ ಒಳಗಿನಿಂದ ಒಂದು ಟ್ರಾಲಿ ಎಳೆದುಕೊಂಡು ಬಂದಳು. ಎತ್ತರದ ಬಡಕಲು ಮೈ, ತಲೆ ಒರೆಸಲೆಂದು ಬಿಚ್ಚಿದ ಕೂದಲು ಸೊಂಟದ ಕೆಳಗಿನವರೆಗೆ. ಡೈರೆಕ್ಟರ್ ಕ್ಯಾಮೆರಾದವನ ತೋಳು ಹಿಡಿದು, “ದೆವ್ವ ಸಿಕ್ಕಿತು ಕಣೋ,” ಎಂದ.

“ನೋಡೇ ಗುಬ್ಬಿ,” ಎಂದಳು ಅತ್ತೆ, “ಇಷ್ಟು ವರ್ಷ ಕನ್ನಡಿ ನನಗೆ ಹೇಳದೇ ಇದ್ದದ್ದನ್ನ ಈ ಹುಡುಗ ಬಾಗಿಲಲ್ಲೇ ಹೇಳಿಬಿಟ್ಟ.”

ಎಲ್ಲರೂ ನಕ್ಕರು. ಅತ್ತೆ ಒಪ್ಪಿಕೊಂಡಳು. ತಲೆಯ ಮೇಲೆ ನೀರು ಸುರಿದುಕೊಂಡಳು, ಒದ್ದೆ ಶೀಟೊಂದನ್ನು ನೆಲದ ಮೇಲೆ ಎಳೆಯುತ್ತ ನಡೆದಳು, ಯಂತ್ರದ ಗುಂಡು ಗಾಜಿಗೆ ಕಿವಿಯಿಟ್ಟು ಒಳಗಿನ ಯಾರದೋ ಮಾತು ಕೇಳಿಸಿಕೊಂಡಳು. ಹೇಳಿದ್ದನ್ನೆಲ್ಲ ಮಾಡಿದಳು, ಆದರೆ ಪ್ರತಿಯೊಂದಕ್ಕೂ ಒಂದು ಪ್ರಶ್ನೆ.

“ಅಲ್ಲಪ್ಪ, ಅವಳು ಆ ಶೀಟನ್ನ ಯಾಕೆ ಎಳೀತಾಳೆ?”

“ಸುಮ್ಮನೆ ಆಂಟಿ. ನೋಡೋಕೆ ಭಯ ಆಗುತ್ತೆ.”

“ಸುಮ್ಮನೆ ಯಾರಾದರೂ ಒದ್ದೆ ಶೀಟು ಎಳೀತಾರಾ? ಎಷ್ಟು ಭಾರ ಗೊತ್ತಾ ಅದು?”

ಸಂಜೆಗೆ ಎಲ್ಲ ಮುಗಿಯಿತು. ಗುಬ್ಬಿ ಮಂಡಿಯೂರಿ ವೈರು ಸುತ್ತುತ್ತಿದ್ದಾಗ ಅತ್ತೆ ಬಂದು, “ಉಳಿದದ್ದು ಯಾವತ್ತು?” ಎಂದು ಕೇಳಿದಳು. ಗುಬ್ಬಿ ತಲೆಯೆತ್ತದೆ, “ಹೇಳ್ತೀನಿ ಅತ್ತೆ,” ಎಂದಳು.

ಮಾರನೆಯ ಸಂಜೆ ಗುಬ್ಬಿಯ ಫೋನ್ ಹೊಡೆದುಕೊಂಡಿತು. ಅತ್ತೆಯ ಹೆಸರು ಕಂಡು ಇವಳೂ, ‘ಯಾರಿಗೇನಾಯ್ತೋ’ ಎಂದುಕೊಂಡೇ ಎತ್ತಿದಳು.

“ನನ್ನ ಮುಂದಿನ ಸೀನು ಏನು? ಸ್ವಲ್ಪ ಮೊದಲೇ ಹೇಳಿದರೆ ಅಭ್ಯಾಸ ಮಾಡ್ಕೋಬಹುದು.”

ಮುಂದಿನ ಸೀನು ಇಲ್ಲ ಅತ್ತೆ, ಸಿನಿಮಾನೇ ಇಲ್ಲ ಎಂದು ಹೇಳಲು ಗುಬ್ಬಿ ಬಾಯಿ ತೆರೆದಳು. ಎದುರಿಗೆ ಮೇಜಿನ ಮೇಲೆ ತಣ್ಣಗಾದ ಒಂದು ತಟ್ಟೆ, ಗೋಡೆಯಾಚೆ ಯಾರದೋ ಮನೆಯ ಟೀವಿ. ಫೋನಿನಲ್ಲಿ ಅತ್ತೆಯ ಉಸಿರು, ಅದರ ಹಿಂದೆ ಪಾತ್ರೆಯ ಸದ್ದು. ಒಂದು ಮಾತು ಆಡಿದರೆ ಸಾಕು, ಆ ಸದ್ದು ನಿಂತುಹೋಗುತ್ತದೆ.

“ಇನ್ನೂ ಬರೀತಾ ಇದೀವಿ,” ಎಂದಳು.

“ಹಾಗಾದರೆ ಒಂದು ಹೇಳು. ಆ ಹೆಂಗಸು ಯಾರು?”

ಗುಬ್ಬಿಗೆ ಗೊತ್ತಿದ್ದರೆ ತಾನೇ? ಆದರೂ ಅವಳು ಅಜ್ಜಿಯ ಮೊಮ್ಮಗಳು. “ಅವಳೂ ಅಲ್ಲೇ ಬಟ್ಟೆ ಒಗೀತಿದ್ದಳು,” ಎಂದು ಶುರುಮಾಡಿದಳು. ಅತ್ತೆ ಆ ಕಡೆಯಿಂದ “ಹೂಂ” ಎಂದಳು.

ಹೀಗೆ ದಿನವೂ ಸಂಜೆ ಫೋನ್ ಬರತೊಡಗಿತು. ಅತ್ತೆ ಕೆಲಸದಿಂದ ಬಂದು, ಫೋನನ್ನು ಡಬ್ಬಿಗೆ ಒರಗಿಸಿಟ್ಟು ಅಡುಗೆ ಮಾಡುತ್ತ ಕತೆ ಕೇಳುವಳು, ಅರ್ಧ ಕತೆ ತಾನೇ ಕಟ್ಟುವಳು. ಒಗೆಯುವಾಗ ಆ ಹೆಂಗಸಿಗೆ ಒಂದು ಶೀಟಿನ ತುದಿಯಲ್ಲಿ ಯಾರೋ ದಾರದಲ್ಲಿ ಹೊಲಿದ ಹೂವು ಸಿಕ್ಕಿತ್ತಂತೆ. ಆಸ್ಪತ್ರೆಯ ಶೀಟಲ್ಲ ಅದು, ಯಾರೋ ಮನೆಯಿಂದ ತಂದದ್ದು. ಅದನ್ನು ವಾಪಸು ಕೊಡಲು ವಾರ್ಡು ವಾರ್ಡು ತಿರುಗುತ್ತಾಳೆ. ತಾನು ಸತ್ತು ಬಹಳ ಕಾಲವಾಯಿತು ಎಂಬುದು ಅವಳಿಗೆ ತಿಳಿದಿಲ್ಲ.

“ಅವಳಿಗೊಬ್ಬ ಸೊಸೆ ಇರಲಿ,” ಎಂದು ಅತ್ತೆಯ ಹಟ.

“ಸೊಸೆ ಯಾಕತ್ತೆ?”

“ಹೆದರಿಸೋಕೆ ಯಾರಾದರೂ ಬೇಡವಾ? ಸೊಸೆ ಇಲ್ಲದ ದೆವ್ವ ಯಾರ ಮನೆಗೆ ಅಂತ ಹೋಗಬೇಕು?”

“ನಿನಗೇ ಸೊಸೆ ಇಲ್ವಲ್ಲ.”

“ಅದಕ್ಕೇ ನಾನು ಯಾರ ಮನೆಗೂ ಹೋಗ್ತಿಲ್ಲ ನೋಡು.” ಅತ್ತೆ ನಕ್ಕಳು. ಗುಬ್ಬಿಯೂ ನಕ್ಕಳು, ಫೋನ್ ಇಟ್ಟ ಮೇಲೆ ಆ ಮಾತು ಅವಳ ಜೊತೆ ಕೋಣೆಯಲ್ಲೇ ಉಳಿಯಿತು.

ಕಾಲೇಜಿನ ಎಡಿಟಿಂಗ್ ಕೋಣೆಯಲ್ಲಿ ಅವಳು ಹಗಲೆಲ್ಲ ಅದೇ ಮುಖವನ್ನು ನೋಡುತ್ತಿದ್ದಳು. ಎಲ್ಲಿ ಕತ್ತರಿಸಿದರೆ ಎದೆ ಝಲ್ಲೆನ್ನುತ್ತದೆ, ಎಲ್ಲಿ ಸದ್ದು ನಿಲ್ಲಿಸಿದರೆ ಕುಳಿತವರು ಮುಂದಕ್ಕೆ ಬಾಗುತ್ತಾರೆ ಎಂಬುದು ಅವಳ ಬೆರಳಿಗೆ ಗೊತ್ತಿತ್ತು. ಒಂದು ತುಣುಕಿನಲ್ಲಿ, ಡೈರೆಕ್ಟರ್ ಕೂಗುವ ಮುಂಚೆ, ಅತ್ತೆ ಒದ್ದೆ ಕೂದಲ ನಡುವಿನಿಂದ ಕ್ಯಾಮೆರಾದ ಆಚೆ ಗುಬ್ಬಿಯನ್ನು ಹುಡುಕಿ, ಕಂಡು, ಮುಗುಳ್ನಕ್ಕಿದ್ದಳು. ದೆವ್ವದ ಚಿತ್ರಕ್ಕೆ ಅದು ಯಾವ ಕೆಲಸಕ್ಕೂ ಬಾರದು. ಗುಬ್ಬಿ ಅದನ್ನು ಮತ್ತೆ ಮತ್ತೆ ಓಡಿಸಿ ನೋಡಿ, ಬದಿಗೆ ಸರಿಸಿದಳು.

ಪೋಸ್ಟರ್ ತಯಾರಾಯಿತು. ಬಿಳಿಯ ಶೀಟುಗಳ ನಡುವೆ ಅತ್ತೆಯ ಅರ್ಧ ಮುಖ, ಕೆಳಗೆ ಕೆಂಪಕ್ಷರದಲ್ಲಿ ‘ಒದ್ದೆ ಹೆಜ್ಜೆ’. ನಿಜವಾದ ಪೋಸ್ಟರಿನಂತೆ ಕಾಣಲು ಬಿಡುಗಡೆಯ ದಿನ ಬೇಕೆಂದಳು ಪೋಸ್ಟರ್ ಹುಡುಗಿ. ಕಾಲೇಜಿನಲ್ಲಿ ಎಲ್ಲ ತಂಡಗಳ ಟ್ರೈಲರ್ ತೋರಿಸುವ ಶನಿವಾರವನ್ನೇ, ಅಲ್ಲಿನ ಸಭಾಂಗಣವನ್ನೇ ಹಾಕಿದರು. ಪತ್ರಿಕೆಯ ಮುಖಪುಟದಲ್ಲಿ ಅತ್ತೆಯ ಪೂರ್ತಿ ಮುಖ. ಮಗ್ಗುಲಲ್ಲಿ, ‘ಈ ಕಣ್ಣುಗಳನ್ನು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದರು?’ ಎಂಬ ಸಾಲು, ಅದರ ಕೆಳಗೆ, ‘ದೆವ್ವವಾಗಲು ನಾನು ಉಪವಾಸ ಮಾಡಿದೆ: ತಾರೆಯ ಮನದ ಮಾತು’. ಉಪವಾಸದ ಸಾಲು ಡೈರೆಕ್ಟರನದು, ಕಣ್ಣಿನ ಸಾಲು ಗುಬ್ಬಿಯದು. ಎರಡನ್ನೂ ಅವಳು ಅತ್ತೆಗೆ ಕಳಿಸಿದಳು. ಕಳಿಸದೆ ಇರಬಹುದಿತ್ತು. ಆದರೆ ಯಾರಿಗಾದರೂ ತೋರಿಸಬೇಕು ಎನ್ನಿಸುವಂಥದ್ದು ಕೈಯಲ್ಲಿದ್ದಾಗ, ತೋರಿಸಲು ಒಬ್ಬಳೇ ಒಬ್ಬಳು ಇದ್ದಾಗ, ಯಾರು ತಾನೇ ಸುಮ್ಮನಿರುತ್ತಾರೆ?

ಅತ್ತೆ ಎರಡನ್ನೂ ದೊಡ್ಡದಾಗಿ ಅಚ್ಚು ಹಾಕಿಸಿ ಲಾಂಡ್ರಿಯಲ್ಲಿ ಬಟ್ಟೆ ಮಡಿಸುವ ಮೇಜಿನ ಮೇಲಿನ ಗೋಡೆಗೆ ಅಂಟಿಸಿದಳು. ಆ ಸಂಜೆ ಅವಳ ದನಿಯಲ್ಲಿ ಹೊಸದೊಂದು ಉತ್ಸಾಹವಿತ್ತು.

“ಇಸ್ತ್ರಿಯಣ್ಣ ನನಗೆ ಈಗ ನಮಸ್ಕಾರ ಹೊಡೀತಾನೆ. ಶೀಟು ಮಡಿಸೋ ನಮ್ಮ ತಂಗಿ ಇದಾಳಲ್ಲ, ಅವಳಂತೂ ಒಬ್ಬಳೇ ಶೌಚಾಲಯಕ್ಕೂ ಹೋಗ್ತಿಲ್ಲ. ಎಲ್ಲರೂ ಶನಿವಾರ ಬರ್ತಾರೆ. ಪಾಳಿ ಬದಲಾಯಿಸಿಕೊಂಡಿದಾರೆ.”

“ಬರ್ತಾರಾ? ಎಲ್ಲಿಗೆ?”

“ಎಲ್ಲಿಗೆ ಅಂದರೆ? ಸಿನಿಮಾಕ್ಕೆ. ನನಗೆ ಹೇಳದೇ ಉಳಿದದ್ದನ್ನ ಬೇರೆಯವರನ್ನ ಹಾಕಿ ತೆಗೆದುಬಿಟ್ಟಿರಿ ಅಂತ ಮೊದಲು ಬೇಜಾರಾಯ್ತು. ಇರಲಿ, ಸೊಸೆಯ ಪಾತ್ರ ಯಾರದು? ಬೇಡ, ಹೇಳಬೇಡ. ಅಲ್ಲೇ ನೋಡ್ತೀನಿ.”

ಮಾರನೆಯ ದಿನ ಗುಬ್ಬಿ ಡೈರೆಕ್ಟರನನ್ನು ಕ್ಯಾಂಟೀನಿನಲ್ಲಿ ಹಿಡಿದಳು. “ಇನ್ನೊಂದು ಭಾನುವಾರ ಶೂಟ್ ಮಾಡೋಣ್ವಾ? ಚಿಕ್ಕದೊಂದು ಸಿನಿಮಾ ಸಾಕು. ಕತೆ ನನ್ನ ಹತ್ತಿರ ಇದೆ, ಪೂರ್ತಿ ಇದೆ.”

“ಯಾಕೆ? ಮಾರ್ಕ್ಸ್ ಇರೋದು ಟ್ರೈಲರ್‌ಗೆ.” ಅವನು ನಿಜವಾಗಿಯೂ ಅರ್ಥವಾಗದೆ ಅವಳನ್ನು ನೋಡಿದ. “ಕ್ಯಾಮೆರಾ ವಾಪಸು ಕೊಟ್ಟಾಯ್ತು ಎಡಿಟರ್. ಎಲ್ಲ ಮುಗೀತಲ್ಲ, ಆರಾಮಾಗಿರಿ.” ಅಷ್ಟು ಹೇಳಿ ಅವನು ತನ್ನವರ ಮೇಜಿಗೆ ಹೋದ. ಅಲ್ಲಿ ಮೂರು ಕುರ್ಚಿಗಳಿದ್ದವು.

ಶುಕ್ರವಾರ ಸಂಜೆ ಅವಳು ಗಟ್ಟಿ ಮನಸ್ಸು ಮಾಡಿಕೊಂಡು ಫೋನಿಗೆ ಕಾದಳು. “ಅತ್ತೆ, ಒಂದು ವಿಷಯ ಹೇಳಬೇಕು,” ಎಂದು ಶುರುವನ್ನೂ ಮಾಡಿದಳು.

“ಇರು, ನಂದು ಮೊದಲು,” ಎಂದಳು ಅತ್ತೆ. “ರಜಾ ಕೇಳೋಕೆ ಹೋಗಿದ್ದೆ. ಸೂಪರ್‌ವೈಸರ್ ಕೇಳ್ತಾರೆ, ಯಾರು ತೀರಿಕೊಂಡ್ರು ಅಂತ. ಯಾರೂ ಇಲ್ಲ ಸಾರ್, ಈ ಸಲ ನಾನೇ ದೆವ್ವ ಅಂದೆ. ಬಿದ್ದು ಬಿದ್ದು ನಕ್ಕರು. ಹೂಂ, ಈಗ ನಿಂದು ಹೇಳು.”

“ಸಭಾಂಗಣ ಎರಡನೇ ಮಹಡಿ. ಅದನ್ನ ಹೇಳೋಣ ಅಂತಿದ್ದೆ,” ಎಂದಳು ಗುಬ್ಬಿ.

ಶನಿವಾರ ಮಧ್ಯಾಹ್ನ ಅತ್ತೆ ತನ್ನ ಬಳಗವನ್ನು ಕಟ್ಟಿಕೊಂಡು ಬಂದಳು. ಅಗಲ ಹೆಗಲಿನ ಇಸ್ತ್ರಿಯಣ್ಣ, ಕಿಲಕಿಲ ನಗುವ ಮಡಿಸುವ ತಂಗಿ, ಸದಾ ನಿದ್ದೆಗಣ್ಣಿನ ಟ್ರಾಲಿ ಮಾವ. ಎಲ್ಲರ ಬಟ್ಟೆಯೂ ಗೆರೆ ತಪ್ಪದಂತೆ ಇಸ್ತ್ರಿಯಾಗಿತ್ತು. ಡೈರೆಕ್ಟರ್ ಓಡಿಬಂದು ಅತ್ತೆಯ ಕೈ ಕುಲುಕಿದ, ಪೋಸ್ಟರ್ ಹುಡುಗಿ ಜೊತೆಗೆ ನಿಂತು ಫೋಟೋ ತೆಗೆಸಿಕೊಂಡಳು. ಅವರೆಲ್ಲ ಹಿಂದಿನಿಂದ ಮೂರನೆಯ ಸಾಲಿನಲ್ಲಿ ಕುಳಿತರು. ಗುಬ್ಬಿ ಅತ್ತೆಯ ಪಕ್ಕ.

ಮೊದಲಿಗೇ ‘ಒದ್ದೆ ಹೆಜ್ಜೆ’. ಕತ್ತಲು, ಹನಿಯುವ ನೀರು, ನೆಲದ ಮೇಲೆ ಶೀಟಿನ ಸದ್ದು. ಗಾಜಿಗೆ ಕಿವಿಯಿಟ್ಟ ಅತ್ತೆ ಥಟ್ಟನೆ ಕಣ್ಣು ತೆರೆದಾಗ ಸಭಾಂಗಣಕ್ಕೆ ಸಭಾಂಗಣವೇ ಕಿರುಚಿತು. ಮಡಿಸುವ ತಂಗಿ ಟ್ರಾಲಿ ಮಾವನ ತೋಳು ಗಿಲ್ಲಿ ಅವನ ನಿದ್ದೆಗಣ್ಣನ್ನು ಅಂದಿಗೆ ಪೂರ್ತಿ ಬಿಡಿಸಿದಳು. ಚಪ್ಪಾಳೆ, ಸೀಟಿ. ಅತ್ತೆ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಿದ್ದಳು. ಪರದೆಯ ಬೆಳಕಿನಲ್ಲಿ ಅವಳ ಕಣ್ಣು ಹೊಳೆಯುತ್ತಿತ್ತು.

ಆಮೇಲೆ ಇನ್ನೊಂದು ತಂಡದ ಟ್ರೈಲರ್ ಬಂತು, ಹಾಳು ಬಂಗಲೆಯದು. ಆಮೇಲೆ ಒಂದು ಗೊಂಬೆಯದು. ಆಮೇಲೆ ಒಂದು ಲಿಫ್ಟಿನದು.

“ಎಷ್ಟೊಂದು ಜಾಹೀರಾತು!” ಎಂದು ಅತ್ತೆ ಪಿಸುಗುಟ್ಟಿದಳು. “ನಮ್ಮದು ಯಾವಾಗ ಶುರು?”

ಪರದೆಯ ಮೇಲೆ ಲಿಫ್ಟಿನ ಬಾಗಿಲು ತೆರೆದು ಮುಚ್ಚಿತು. ಇದಾದ ಮೇಲೆ ಇನ್ನೊಂದೇ ಒಂದು ಉಳಿದಿದೆ, ಅದು ಮುಗಿದರೆ ದೀಪ ಹತ್ತುತ್ತದೆ, ಆಗ ಅತ್ತೆ ಬೆಳಕಿನಲ್ಲಿ ಎಲ್ಲರೆದುರು ಅದನ್ನು ಕೇಳುತ್ತಾಳೆ.

“ಅತ್ತೆ, ಅಷ್ಟೇ,” ಎಂದಳು ಕತ್ತಲಲ್ಲಿ.

“ಏನು ಅಷ್ಟೇ?”

“ಮೊದಲು ಬಂತಲ್ಲ, ಅಷ್ಟೇ. ಸಿನಿಮಾ ಇಲ್ಲ. ನಾವು ತೆಗೆದಿಲ್ಲ. ಅದು ಬರೀ ಜಾಹೀರಾತೇ.”

ಅತ್ತೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ತೊಡೆಯ ಮೇಲಿದ್ದ ಚೀಲವನ್ನು ಮಾತ್ರ ಇನ್ನಷ್ಟು ಹತ್ತಿರ ಎಳೆದುಕೊಂಡಳು. ಕೊನೆಯ ಟ್ರೈಲರ್ ಬಂದು ಹೋಯಿತು. ದೀಪ ಹತ್ತಿತು.

“ಏಳಿ,” ಎಂದಳು ಅತ್ತೆ ತನ್ನವರಿಗೆ. “ಮುಗೀತು.”

“ಅಯ್ಯೋ ಅಕ್ಕ, ಅಷ್ಟೇನಾ? ಆ ಶೀಟು ಯಾರದು? ಸೊಸೆ ಎಲ್ಲಿ?” ಎಂದಳು ಮಡಿಸುವ ತಂಗಿ. ಅತ್ತೆ ಲಾಂಡ್ರಿಯ ಮೇಜಿನ ಬಳಿ ನಿಂತು ದಿನವೂ ಎಲ್ಲರಿಗೂ ಕತೆ ಹೇಳಿದ್ದಳೆಂಬುದು ಗುಬ್ಬಿಗೆ ಆಗ ತಿಳಿಯಿತು.

“ಉಳಿದದ್ದು ಇವರು ತೆಗೆದಿಲ್ಲವಂತೆ,” ಎಂದಳು ಅತ್ತೆ. “ನನಗೂ ಈಗಲೇ ಗೊತ್ತಾದದ್ದು.”

ಇಸ್ತ್ರಿಯಣ್ಣ ಗಂಟಲು ಸರಿಮಾಡಿಕೊಂಡು, “ಒಳ್ಳೇದೇ ಆಯ್ತು ಬಿಡಿ ಅಕ್ಕ. ಇಷ್ಟಕ್ಕೇ ನಾನು ಬೆವತುಹೋದೆ. ಪೂರ್ತಿ ಸಿನಿಮಾ ನೋಡಿದ್ದರೆ ನನ್ನನ್ನೇ ಹಿಂಡಿ ಒಣಗಹಾಕಬೇಕಾಗ್ತಿತ್ತು,” ಎಂದ. ಎಲ್ಲರೂ ನಕ್ಕರು, ಅವಸರ ಅವಸರವಾಗಿ. ಅತ್ತೆಯೂ ನಕ್ಕಳು. ಆ ನಗು ಪರದೆಯ ಮೇಲಿನ ಅವಳ ಕಣ್ಣಿಗಿಂತ ಹೆಚ್ಚು ಗುಬ್ಬಿಯನ್ನು ಹೆದರಿಸಿತು.

ಬಸ್ ನಿಲ್ದಾಣದಲ್ಲಿ ಉಳಿದವರು ಬೇಕೆಂದೇ ಸ್ವಲ್ಪ ದೂರ ಹೋಗಿ ನಿಂತರು.

“ಮೊದಲ ದಿನವೇ ಗೊತ್ತಿತ್ತಾ ನಿನಗೆ?”

“ಗೊತ್ತಿತ್ತು.”

“ಮತ್ತೆ ದಿನಾ ಸಂಜೆ ಅಷ್ಟೆಲ್ಲ ಹೇಳಿದೆಯಲ್ಲೇ. ನಾನು ಹುಚ್ಚಿ, ಅನ್ನ ಸೀಯಿಸಿಕೊಂಡು ಕೇಳಿದೆ.”

“ಸಿನಿಮಾ ಇಲ್ಲ ಅಂದಿದ್ರೆ ನೀನು ಫೋನ್ ಮಾಡ್ತಿರಲಿಲ್ಲ ಅತ್ತೆ.”

ಅತ್ತೆ ಅವಳ ಮುಖವನ್ನು ನೋಡಿದಳು. ತಲೆಯಿಂದ ಕಾಲಿನವರೆಗೂ ನೋಡಿದಳು, ಇಷ್ಟು ದಿನ ನೋಡಿಯೇ ಇರಲಿಲ್ಲವೇನೋ ಎಂಬಂತೆ. “ನಮಗೆ ನಮಗೆ ಮಾತಾಡೋಕೆ ನಡುವೆ ಒಂದು ದೆವ್ವ ಬೇಕಾಯ್ತಾ?” ಎಂದಳು. ಅದು ಬೈಗುಳವೋ ಪ್ರಶ್ನೆಯೋ ಗುಬ್ಬಿಗೆ ತಿಳಿಯುವ ಮುಂಚೆ ಬಸ್ಸು ಬಂತು. ಅತ್ತೆ ಹತ್ತಿ, ಆಚೆ ಬದಿಯ ಕಿಟಕಿಗೆ ಕುಳಿತಳು.

ಆ ಸಂಜೆ ಫೋನ್ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಸೋಮವಾರ ‘ಒದ್ದೆ ಹೆಜ್ಜೆ’ಗೆ ತರಗತಿಯಲ್ಲೇ ಹೆಚ್ಚಿನ ಅಂಕ ಬಂತು, ದೆವ್ವದ ಮುಖದಲ್ಲಿ ಒಂದು ಪೂರ್ತಿ ಕತೆ ಕಾಣುತ್ತದೆ ಎಂದರು ಮೇಷ್ಟ್ರು. ಮೂವರೂ ಅವಳ ಬೆನ್ನು ತಟ್ಟಿದರು. ಸಂಜೆ ಎಲ್ಲಿಗೋ ಒಟ್ಟಾಗಿ ಹೋದರು. ಗುಬ್ಬಿ ಕೋಣೆಗೆ ಬಂದು ದೀಪ ಹಾಕಿದಳು.

ಅತ್ತೆ ಕೆಲಸದಿಂದ ಬರುವ ಹೊತ್ತಾಗಿತ್ತು. ಫೋನ್ ಎತ್ತಿಕೊಂಡಳು. ಏನು ಹೇಳುವುದು? ಕ್ಷಮಿಸು ಎನ್ನಬಹುದು, ಆದರೆ ಅದೂ ಒಂದು ಕಾರಣವೇ. ಅಂಕ ಬಂತು ಎನ್ನಬಹುದು, ಅದೂ ಕಾರಣ. ಅಜ್ಜಿ ಇದ್ದಿದ್ದರೆ ಎಂದೂ ಶುರುಮಾಡಬಹುದು. ಒಂದೊಂದನ್ನೇ ಎತ್ತಿ ನೋಡಿ, ಒಂದೊಂದನ್ನೇ ಕೆಳಗಿಟ್ಟು, ಬರಿಗೈಯಲ್ಲಿ ನಂಬರ್ ಒತ್ತಿದಳು.

ಬಹಳ ಹೊತ್ತು ಹೊಡೆದುಕೊಂಡಿತು.

“ಹೇಳು,” ಎಂದಳು ಅತ್ತೆ.

“ಏನಿಲ್ಲ ಅತ್ತೆ.”

“ಏನಿಲ್ಲ ಅಂದರೆ?”

“ಏನೂ ಇಲ್ಲ. ಸುಮ್ಮನೆ ಮಾಡಿದೆ.”

ಗೋಡೆಯಾಚೆಯ ಟೀವಿಯಲ್ಲಿ ಯಾರೋ ಯಾರಿಗೋ ಬೈಯುತ್ತಿದ್ದರು. ಗುಬ್ಬಿ ಮಂಚದ ಅಂಚನ್ನು ಹಿಡಿದುಕೊಂಡಳು.

“ಒಲೆ ಮೇಲೆ ಹಾಲಿದೆ,” ಎಂದಳು ಅತ್ತೆ ಕೊನೆಗೆ. “ಇರು.”

ಫೋನನ್ನು ಕಲ್ಲಿನ ಕಟ್ಟೆಯ ಮೇಲೆ ಇಟ್ಟ ಸದ್ದು ಕೇಳಿಸಿತು. ಆಮೇಲೆ ನಲ್ಲಿ ತಿರುಗಿಸಿದ್ದು, ನಿಲ್ಲಿಸಿದ್ದು, ಒಂದು ತಟ್ಟೆ ಮುಚ್ಚಿದ್ದು. ಚಪ್ಪಲಿ ಆ ಕಡೆಯಿಂದ ಈ ಕಡೆಗೆ ಹೋದದ್ದು. ಹಾಲು ಇಷ್ಟು ಹೊತ್ತಿಗೆ ಉಕ್ಕಿ ಇಳಿದಿರಬೇಕು. ಅತ್ತೆ ಮರೆತಿರಬಹುದು, ಬೇಕೆಂದೇ ಕಾಯಿಸುತ್ತಿರಬಹುದು, ಏನಾಡುವುದೆಂದು ತಾನೂ ಯೋಚಿಸುತ್ತ ನಿಂತಿರಬಹುದು. ಕುರ್ಚಿ ಎಳೆದ ಸದ್ದು ಬಂತು, ಹತ್ತಿರವೋ ದೂರವೋ ತಿಳಿಯಲಿಲ್ಲ. ಗುಬ್ಬಿ ಬಿಸಿಯಾದ ಕಿವಿಯಿಂದ ಫೋನ್ ತೆಗೆದು ಇನ್ನೊಂದು ಕಿವಿಗೆ ಇಟ್ಟುಕೊಂಡು ಕುಳಿತಳು.